ಸಮ್ ಹಾಕಿದರೆ ಸೊನ್ನೆ, ಪ್ಲಸ್ ಹಾಕಿದರೆ ಸರಿ ಉತ್ತರ. ಯಾಕೆ ಹೀಗೆ?

ತೋಟದಹುಡುಗ:
ಅಪ್ಪ ಅಡಿಕೆ ಮಾರಿದ ಲೆಕ್ಕವನ್ನ ಎಕ್ಸೆಲ್‌ಗೆ ಹಾಕ್ತಾ ಇದ್ದೇನೆ. ಮಂಡಿಯವರು ಕಳಿಸಿದ ಪಿಡಿಎಫ್‌ನಿಂದ ಕಾಪಿ ಮಾಡಿದ್ದು. ಬಿ ಕಾಲಮ್‌ನಲ್ಲಿ ತೂಕ, ಕ್ವಿಂಟಾಲ್ ಲೆಕ್ಕ. =ಸಮ್(ಬಿ2:ಬಿ7) ಅಂದರೆ 0 ಬರುತ್ತೆ. ಸುಮ್ನೆ =ಬಿ2+ಬಿ3 ಹಾಕಿ ನೋಡಿದೆ, 2.40ಕ್ಕೆ 1.85 ಸೇರಿ 4.25 ಸರಿಯಾಗೇ ಬಂತು! ಅಪ್ಪ ಪಕ್ಕದಲ್ಲಿ ಕೂತು ಕಾಗದದ ಮೇಲೆ ಕೂಡಿಸಿ ಮುಗಿಸಿ ನಗ್ತಾ ಇದ್ದಾರೆ.

ಮಲೆನಾಡಿಗ77:
ಆರೇ ಸಾಲು ತಾನೇ, ಪ್ಲಸ್ಸೇ ಹಾಕಿ ಬಿಡಿ.

ಲೆಕ್ಕದಮೇಷ್ಟ್ರು:
ಬೇಡ. ನಾಳೆ ನಡುವೆ ಒಂದು ಸಾಲು ಸೇರಿಸಿದರೆ ಪ್ಲಸ್‌ನ ಲೆಕ್ಕಕ್ಕೆ ಅದು ಬರಲ್ಲ, ನಿಮಗೆ ಗೊತ್ತೂ ಆಗಲ್ಲ.

ನಿಮ್ಮ ಬಿ ಕಾಲಮ್‌ನಲ್ಲಿ ಇರೋದು ಸಂಖ್ಯೆ ಅಲ್ಲ, ಸಂಖ್ಯೆ ಥರ ಕಾಣೋ ಅಕ್ಷರ. ಸೆಲ್‌ನಲ್ಲಿ ಎಡಗಡೆಗೆ ಅಂಟಿಕೊಂಡಿದೆ ಅಲ್ವಾ, ಮೂಲೆಯಲ್ಲಿ ಚಿಕ್ಕ ಹಸಿರು ತ್ರಿಕೋನವೂ ಇರಬೇಕು. ಪ್ಲಸ್ಸು, ಗುಣಾಕಾರದ ನಕ್ಷತ್ರ ಇವೆಲ್ಲ ಅಂಥ ಅಕ್ಷರವನ್ನ ತಾವೇ ಸಂಖ್ಯೆ ಮಾಡಿಕೊಂಡು ಲೆಕ್ಕ ಹಾಕುತ್ತವೆ. ಸಮ್‌ಗೆ ಸೆಲ್‌ಗಳ ಸಾಲು ಕೊಟ್ಟಾಗ ಅದು ಅಕ್ಷರ ಇರೋ ಸೆಲ್ಲನ್ನ ಬಿಟ್ಟು ಮುಂದೆ ಹೋಗುತ್ತೆ, ಎರರ್ ಕೂಡ ತೋರಿಸಲ್ಲ, ಅದೇ ದೊಡ್ಡ ತಾಪತ್ರಯ. ಕಾಲಮ್ ಸೆಲೆಕ್ಟ್ ಮಾಡಿ, ಡೇಟಾ ಮೆನುವಿನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ತೆಗೆದು ನೇರ ಫಿನಿಶ್ ಒತ್ತಿ.

ತೋಟದಹುಡುಗ:
ನಾಲ್ಕು ಸರಿ ಹೋಯ್ತು ಸರ್! ಬಿ6, ಬಿ7 ಮಾತ್ರ ಇನ್ನೂ ಎಡಗಡೆಗೇ ಇವೆ, ತ್ರಿಕೋನವೂ ಇಲ್ಲ. ಇನ್ನೊಂದು: ದರ 48000, ಕ್ವಿಂಟಾಲಿಗೆ 100 ರೂಪಾಯಿ ಕಡಿತ. =ಸಿ2-ಡಿ2*ಬಿ2 ಹಾಕಿದರೆ 47760 ಬರುತ್ತೆ. 2.40 ಕ್ವಿಂಟಾಲಿಗೆ ಇಷ್ಟೇನಾ?

ಲೆಕ್ಕದಮೇಷ್ಟ್ರು:
ಅಷ್ಟಕ್ಕೆ ಮಾರಿದರೆ ಅಪ್ಪ ಮನೆಗೆ ಸೇರಿಸಲ್ಲ. ಗುಣಾಕಾರ ಮೊದಲು, ಕಳೆಯೋದು ಆಮೇಲೆ, ಶಾಲೆಯಲ್ಲಿ ಕಲಿತದ್ದೇ. =(ಸಿ2-ಡಿ2)*ಬಿ2 ಅಂತ ಬ್ರಾಕೆಟ್ ಹಾಕಿ, 114960 ಬರುತ್ತೆ. ಆದರೆ ಶಾಲೆಯದ್ದನ್ನ ಪೂರ್ತಿ ನಂಬಬೇಡಿ, ಎಕ್ಸೆಲ್‌ನಲ್ಲಿ =-2^2 (^2 ಅಂದರೆ ವರ್ಗ) ಹಾಕಿದರೆ ಮೈನಸ್ 4 ಅಲ್ಲ, 4 ಬರುತ್ತೆ. ಅನುಮಾನ ಬಂದ ಕಡೆ ಬ್ರಾಕೆಟ್ ಹಾಕಿಬಿಡಿ, ಕಾಸೇನೂ ಖರ್ಚಾಗಲ್ಲ.

ಶೀಟುರಾಣಿ:
ಬಿ6ರಲ್ಲಿ ಕಣ್ಣಿಗೆ ಕಾಣದ ಸ್ಪೇಸ್ ಇರುತ್ತೆ, ಪಿಡಿಎಫ್‌ನ ಹಳೇ ಚಾಳಿ. ಅಕ್ಷರ ಎಣಿಸೋ =ಲೆನ್(ಬಿ6) ಹಾಕಿ ನೋಡಿ, 2.10ಕ್ಕೆ 4 ಬರಬೇಕಾದ ಕಡೆ 5 ಬಂದರೆ ಅದೇ. ಹೆಚ್ಚುವರಿ ಸ್ಪೇಸ್ ತೆಗೆಯೋ ಟ್ರಿಮ್‌ಗೆ ಇದು ಬಗ್ಗಲ್ಲ, ಯಾಕಂದ್ರೆ ಇದು ಮಾಮೂಲಿ ಸ್ಪೇಸ್ ಅಲ್ಲ, ಕಂಪ್ಯೂಟರಿನ ಅಕ್ಷರಪಟ್ಟಿಯಲ್ಲಿ 160ನೇ ನಂಬರಿನದು. =ವ್ಯಾಲ್ಯೂ(ಸಬ್‌ಸ್ಟಿಟ್ಯೂಟ್(ಬಿ6,ಚಾರ್(160),"")) ಬಳಸಿ. ವ್ಯಾಲ್ಯೂ ಬಿಡಬೇಡಿ, ಸಬ್‌ಸ್ಟಿಟ್ಯೂಟ್ ವಾಪಸ್ ಕೊಡೋದೂ ಅಕ್ಷರವೇ.

ತೋಟದಹುಡುಗ:
5 ಬಂತು ಮೇಡಂ! ಈಗ ಸಮ್ ಸರಿ ಇದೆ. ಅಪ್ಪನ ಕಾಗದದ ಲೆಕ್ಕ 10 ಕೆಜಿ ಜಾಸ್ತಿ ತೋರಿಸ್ತಿದೆ, ಅದನ್ನ ಅವರಿಗೆ ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ.