11 ವರ್ಷದ ಗೀಸರ್: ಕೆಟ್ಟ ಮೇಲೆ ನೋಡೋದಾ, ಈಗಲೇ ಬದಲಿಸೋದಾ?

ಕೇಳಿದವರು, ಬೆಂಗಳೂರು ವಿಜಯನಗರ

ನಮ್ಮ ಮನೆ ಗೀಸರ್‌ಗೆ ಈಗ 11 ವರ್ಷ. 25 ಲೀಟರಿನದು. ಕಾವೇರಿ ನೀರು ಬಂದ ದಿನ ಕಾವೇರಿ, ಉಳಿದ ದಿನ ಬೋರ್‌ವೆಲ್. ಒಂದ್ಸಲ ಕಾಯಿಲ್, ಒಂದ್ಸಲ ಥರ್ಮೋಸ್ಟಾಟ್ ಹಾಕಿಸಿದ್ದು ಬಿಟ್ಟರೆ ತೊಂದರೆ ಕೊಟ್ಟಿಲ್ಲ. ಈಚೆಗೆ ಸ್ವಿಚ್ ಹಾಕಿದರೆ ಒಳಗೆ ಕಡಲೆ ಹುರಿದ ಹಾಗೆ ಸದ್ದು. ಡಿಸೆಂಬರ್‌ನಲ್ಲಿ ಮಗಳು ಬಾಣಂತನಕ್ಕೆ ಬರುತ್ತಾಳೆ. ಬದಲಿಸೋಣ ಅಂದರೆ ಯಜಮಾನರು "ಓಡೋ ಗಾಡೀನ ಯಾರಾದರೂ ಗುಜರಿಗೆ ಹಾಕ್ತಾರಾ" ಅಂತಾರೆ. ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ತುಮಕೂರಿನಿಂದ

ಅಕ್ಕಾ, ನಮ್ಮ ಯಜಮಾನರೂ ಇದೇ ಗಾಡಿ ಕಥೆ ಹೇಳಿದ್ದರು. ನಮ್ಮದಕ್ಕೆ 9 ವರ್ಷ ಆಗಿತ್ತು. ಗೀಸರ್ ಕೆಳಗಿನ ಟೈಲ್ಸ್ ಮೇಲೆ ಹುಣಸೆನೀರು ಇಳಿದ ಹಾಗೆ ಕಂದು ಗೆರೆ. ವಾರಕ್ಕೊಮ್ಮೆ ಉಜ್ಜುತ್ತಿದ್ದೆ. ಮತ್ತೆ ಬರುತ್ತಿತ್ತು. ಉಜ್ಜಿದ್ದೇ ಬಂತು, ಅದು ಎಲ್ಲಿಂದ ಬರುತ್ತಿದೆ ಅಂತ ತಲೆಯೆತ್ತಿ ನೋಡಲಿಲ್ಲ.

ನೀರು ತುಂಬೋ ಹಬ್ಬದ ಸಂಜೆ ಅದು ಧಾರೆಯಾಗಿ ಸುರಿಯಿತು. ಮಾರನೇ ದಿನ ನರಕ ಚತುರ್ದಶಿ. ನಾದಿನಿ ಮನೆಯವರೂ ಸೇರಿ ಒಂಬತ್ತು ಜನ. ಬೆಳಗಿನ ಜಾವ ಎಲ್ಲರ ತಲೆ ಮೇಲೂ ಎಣ್ಣೆ, ಒಲೆ ಮೇಲೆ ಇಡ್ಲಿ ಪಾತ್ರೆಯಲ್ಲಿ ನೀರು. ಒಬ್ಬೊಬ್ಬರಿಗೆ ಅರ್ಧ ಬಕೆಟ್ ಅಂತ ಲೆಕ್ಕ. ಎಲೆಕ್ಟ್ರಿಷಿಯನ್ ಊರಿಗೆ ಹೋಗಿದ್ದ. ಅಂಗಡಿ ತೆರೆದ ಮೇಲೆ ಇದ್ದಿದ್ದನ್ನ ಎತ್ತಿಕೊಂಡು ಬಂದೆವು. ಉದ್ದನೆಯ ಪೀಸು, ಸಜ್ಜದ ಕೆಳಗೆ ಹಿಡಿಸಲಿಲ್ಲ. ಹೊಸದಾಗಿ ತೂತು ಕೊರೆಯುವಾಗ ಎರಡು ಟೈಲ್ಸ್ ಸೀಳಿತು. ಆ ಸೀಳು ಇವತ್ತಿಗೂ ಇದೆ.

ಗೀಸರ್ ರಿಪೇರಿ ಮಾಡುವವನು

ಅಮ್ಮಾ, ಆ ಸದ್ದು ಸುಣ್ಣದ್ದು. ಬೋರ್ ನೀರು ಕಾದಾಗ ಅದರಲ್ಲಿರೋ ಸುಣ್ಣ ಕಾಯಿಲ್ ಸುತ್ತ ಕಟ್ಟಿಕೊಳ್ಳುತ್ತದೆ, ಉದುರಿ ಟ್ಯಾಂಕ್ ತಳದಲ್ಲೂ ಕೂರುತ್ತದೆ. ಅದರ ಸಂದಿಯಲ್ಲಿ ಸಿಕ್ಕಿದ ನೀರು ಕುದಿದು ಪಟಪಟ ಅನ್ನುತ್ತದೆ. ಕಾಯಿಲ್‌ನ ಬಿಸಿ ನೀರಿಗೆ ಸರಿಯಾಗಿ ಇಳಿಯದೆ ಕಾಯಿಲ್ಲೇ ಸುಟ್ಟು ಹೋಗುತ್ತದೆ. ಆದರೆ ಬರೀ ಸದ್ದಿಗೆ ಗೀಸರ್ ಎಸೆಯಬೇಡಿ.

ಕಾಯಿಲ್, ಥರ್ಮೋಸ್ಟಾಟ್, ಗ್ಯಾಸ್ಕೆಟ್, ವಾಲ್ವ್ ಎಲ್ಲಾ ಬದಲಿಸಬಹುದು. ಟ್ಯಾಂಕ್ ತೂತಾದರೆ ಮುಗೀತು. ಒಳಗೆ ಗಾಜಿನ ಲೇಪನ ಇರೋ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಿದರೆ ಆ ಬಿಸಿಗೆ ಲೇಪನವೇ ಒಡೆಯುತ್ತದೆ, ಪಕ್ಕದಲ್ಲೇ ಮತ್ತೆ ಸೋರುತ್ತದೆ. ಟ್ಯಾಂಕ್ ಕಾಯೋದು ಒಳಗಿರೋ ಮೆಗ್ನೀಷಿಯಂ ರಾಡ್. ಟ್ಯಾಂಕಿನ ಬದಲು ಅದು ತಾನು ಸವೆಯುತ್ತದೆ. ಬೋರ್ ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ನಾನು ಹೋದ ಮನೆಗಳಲ್ಲಿ ಹೆಚ್ಚಿನವರಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರುವುದಿಲ್ಲ. 11 ವರ್ಷದಲ್ಲಿ ನಿಮ್ಮ ಮನೆಯದನ್ನ ಯಾರಾದರೂ ಬದಲಿಸಿದ್ದಾರಾ?

ಒಂದು ಕೆಲಸ ಮಾಡಿ. ಬೆಳಗ್ಗೆ ಮೊದಲ ಬಿಸಿನೀರನ್ನ ಬಿಳಿ ಮಗ್ಗಿನಲ್ಲಿ ಹಿಡಿಯಿರಿ. ಇನ್ನೊಂದು ಮಗ್ಗಿನಲ್ಲಿ ತಣ್ಣೀರು. ಎರಡೂ ಕಂದಗಿದ್ದರೆ ಪೈಪಿನ ತುಕ್ಕು. ಬಿಸಿನೀರು ಮಾತ್ರ ಕಂದಗಿದ್ದರೆ ಟ್ಯಾಂಕಿನದ್ದೇ ಇರಬೇಕು. ಹಾಗೇ ತೊಟ್ಟಿಕ್ಕುವುದು ಎಲ್ಲಿಂದ ನೋಡಿ. ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ನಾಲ್ಕು ಹನಿ ಬಿದ್ದರೆ ಹೆದರಬೇಡಿ, ಅದು ಅದರ ಕೆಲಸ. ದಯವಿಟ್ಟು ಅದನ್ನ ಎಂಸೀಲ್ ಹಾಕಿ ಮುಚ್ಚಬೇಡಿ. ಮುಚ್ಚಿದವರನ್ನ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಶಿರಸಿ ಕಡೆಯಿಂದ

ನಮ್ಮ ಗೀಸರ್‌ಗೆ 16 ವರ್ಷ, ಕಾಯಿಲ್ ಕೂಡ ಬದಲಿಸಿಲ್ಲ. ಬಾವಿ ನೀರು, ಸುಣ್ಣ ಇಲ್ಲವೇ ಇಲ್ಲ. ಹಾಗಾಗಿ ಇಷ್ಟು ವರ್ಷಕ್ಕೆ ಬದಲಿಸಿ ಅನ್ನೋ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಕರೆಂಟು ಹೋದರೆ ಬಚ್ಚಲೊಲೆ ಹಂಡೆ ಹೇಗೂ ಇದೆ. ಬಾಣಂತಿ ನೀರಿಗೆ ಹಂಡೆ ಬಿಟ್ಟರೆ ಬೇರೆ ಇಲ್ಲ ಬಿಡಿ, ಆದರೆ ವಿಜಯನಗರದಲ್ಲಿ ಸೌದೆ ಎಲ್ಲಿ ತರ್ತೀರಿ!

ಹುಬ್ಬಳ್ಳಿಯಿಂದ

ಒಂದೇ ಮಾತು. ನಲ್ಲಿ ಮುಟ್ಟಿದಾಗ ಕೈ ಜುಂ ಅಂದರೆ ಡಿಸೆಂಬರ್ ತನಕ ಕಾಯಬೇಡಿ. ಮೇನ್ ಆಫ್ ಮಾಡಿ ಕರೆಸಿ. ನಮ್ಮ ಬಾಡಿಗೆ ಮನೆಯಲ್ಲಿ ಕಾಯಿಲ್ ಸೀಳಿತ್ತು, ಅರ್ಥಿಂಗೂ ಸರಿ ಇರಲಿಲ್ಲ. ಬದುಕಿದ್ದೇ ಪುಣ್ಯ. ಗೀಸರ್ ಹೊಸದಾಗಲಿ ಹಳೆಯದಾಗಲಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ.

ಮೈಸೂರಿನಿಂದ

ಮೇಡಂ, ನಾನು ಕೆಡುವ ಮೊದಲೇ ಬದಲಿಸಿದವನು, ಹೋದ ವರ್ಷ ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಎಲೆಕ್ಟ್ರಿಷಿಯನ್‌ಗೆ ಗೀಸರ್ ಕೆಲಸ ಕಡಿಮೆ, ಹೇಳಿದ ದಿನ ಬಂದ. ಅಂಗಡಿಗೆ ಹೋಗುವ ಮುಂಚೆ ಟೇಪ್ ಹಿಡಿದು ಹಳೆಯದರ ಎತ್ತರ, ಅಗಲ, ಬೋಲ್ಟ್ ನಡುವಿನ ದೂರ ಬರೆದುಕೊಂಡಿದ್ದೆ. ತುಮಕೂರಿನವರ ಟೈಲ್ಸ್ ಕಥೆ ನಮಗಾಗಲಿಲ್ಲ. ಪ್ರೆಶರ್ ಪಂಪ್ ಇದ್ದರೆ ಅಥವಾ ಎತ್ತರದ ಅಪಾರ್ಟ್‌ಮೆಂಟ್ ಆದರೆ 8 ಬಾರ್ ಒತ್ತಡ ತಡೆಯುವ ಟ್ಯಾಂಕ್ ಕೇಳಿ.

ಸ್ಟಾರ್ ಬಗ್ಗೆ ಅಂಗಡಿಯವರು ಸರಿಯಾಗಿ ಹೇಳುವುದಿಲ್ಲ. ಗೀಸರ್‌ನ ಸ್ಟಾರ್ ಅಂದರೆ ಬೇಗ ಕಾಯುತ್ತದೆ ಅಂತ ಅಲ್ಲ. 2000 ವ್ಯಾಟ್ ಕಾಯಿಲ್ ಆದರೆ 25 ಲೀಟರ್ ಚೆನ್ನಾಗಿ ಕಾಯಲು ಯಾವುದಕ್ಕಾದರೂ ಸುಮಾರು ಅರ್ಧ ಗಂಟೆ ಬೇಕೇ ಬೇಕು. ಕಾದ ನೀರು ಸುಮ್ನೆ ಇದ್ದಾಗ ಎಷ್ಟು ಬಿಸಿ ಕಳೆದುಕೊಳ್ಳುತ್ತದೆ ಅನ್ನೋದೇ ಸ್ಟಾರ್ ಲೆಕ್ಕ. ಬೆಳಗ್ಗೆ ಹಾಕಿ, ಸ್ನಾನ ಮಾಡಿ, ಆಫ್ ಮಾಡುವ ಮನೆಗೆ ಇದರಿಂದ ಅಷ್ಟೇನೂ ಉಳಿಯದು. ಬಾಣಂತನದ ಮನೆಯಲ್ಲಿ ಹೊತ್ತು ಹೊತ್ತಿಗೂ ಬಿಸಿನೀರು ಬೇಕು. ನಿಮಗೆ 5 ಸ್ಟಾರ್ ತೊಗೊಳ್ಳುವುದು ಲಾಭ.

ಕೇಳಿದವರು, ಹತ್ತು ದಿನದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಬಿಳಿ ಮಗ್ಗಿನ ಪರೀಕ್ಷೆ ಮಾಡಿದೆವು. ತಣ್ಣೀರು ತಿಳಿಯಾಗಿತ್ತು, ಬಿಸಿನೀರು ಜೀರಿಗೆ ಕಷಾಯದ ಹಾಗಿತ್ತು. ಯಜಮಾನರು "ಬೆಳಕು ಹಾಗೆ ಬಿದ್ದಿದೆ" ಅಂದರು. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದಾಗ ಸುಣ್ಣ ಅರ್ಧ ಬಕೆಟ್ ಉದುರಿತು. ಆ ರಾಡ್ ಇದ್ದ ಜಾಗದಲ್ಲಿ ಬರೀ ಒಂದು ತಂತಿ! ಆಮೇಲೆ ಯಜಮಾನರು ಮಾತಾಡಲಿಲ್ಲ. ತಾವೇ ಟೇಪ್ ತಂದರು.

ಹೊಸದು ಬಂದು ಕೂತಿದೆ. ಅಂಗಡಿಯವರು ಹಳೆಯದಕ್ಕೆ ಕೊಡ್ತೀನಿ ಅಂದ ರೇಟು ಇವರಿಗೆ ಸರಿಹೋಗಲಿಲ್ಲ. ಅದನ್ನ ಒರೆಸಿ, ಬಟ್ಟೆ ಸುತ್ತಿ ಸಜ್ಜದ ಮೇಲೆ ಇಟ್ಟಿದ್ದಾರೆ.