ಪೀಕ್ ಹಾಕಿದರೂ ಮೆಗಾವ್ಯಾಟ್ ಏರುತ್ತಿಲ್ಲ, ಎಕ್ಸಾಸ್ಟ್ ಮಾತ್ರ ಏರುತ್ತಿದೆ (ಫ್ರೇಮ್ 9ಇ)

ಒಮಾನ್_ಶಿಫ್ಟ್:
ಎಲ್ಲರಿಗೂ ನಮಸ್ಕಾರ. ಒಮಾನ್ ಕರಾವಳಿಯ ಒಂದು ಕಾರ್ಖಾನೆಯ ಪವರ್ ಪ್ಲಾಂಟ್‌ನಲ್ಲಿ ಶಿಫ್ಟ್ ಎಂಜಿನಿಯರ್ ಆಗಿದ್ದೇನೆ. ಮಷೀನ್ ಜಿಇ ಫ್ರೇಮ್ 9ಇ ಗ್ಯಾಸ್ ಟರ್ಬೈನ್, ಅದನ್ನು ನಡೆಸುವ ಕಂಟ್ರೋಲ್ ಸಿಸ್ಟಮ್ ಮಾರ್ಕ್ 5, ಓಡುವುದು ನ್ಯಾಚುರಲ್ ಗ್ಯಾಸ್ ಮೇಲೆ. ಎಕ್ಸಾಸ್ಟ್ ಬಿಸಿಯಲ್ಲಿ ಸ್ಟೀಮ್ ಮಾಡುವ ಬಾಯ್ಲರ್ ಇದೆ.

ಮಧ್ಯಾಹ್ನ ಹೊರಗೆ 45 ಡಿಗ್ರಿ. ಬೇಸ್ ಲೋಡ್ (ಮಾಮೂಲಿ ಪೂರ್ತಿ ಲೋಡ್) ಸಾಲುವುದಿಲ್ಲ, ಹಾಗಾಗಿ ದಿನಾ ಪೀಕ್ (ಅದಕ್ಕಿಂತ ಜಾಸ್ತಿ ಉರಿಸಿ ಹೆಚ್ಚು ಲೋಡ್ ಎಳೆಯುವುದು) ಸೆಲೆಕ್ಟ್ ಮಾಡಿ ಎಂದು ಮೇಲಿನವರ ಆದೇಶ. ಪೀಕ್ ಒತ್ತಿದರೆ ಎಕ್ಸಾಸ್ಟ್ ಟೆಂಪರೇಚರ್ ಕಳೆದ ಬೇಸಿಗೆಗಿಂತ ಜಾಸ್ತಿ ಬರುತ್ತಿದೆ, ಮೆಗಾವ್ಯಾಟ್ ಮಾತ್ರ ಆಗಿನಷ್ಟು ಸಿಗುತ್ತಿಲ್ಲ. ಎಕ್ಸಾಸ್ಟ್ ಸ್ಪ್ರೆಡ್ (ಎಕ್ಸಾಸ್ಟ್ ಸುತ್ತ ಬಿಸಿ ಅಳೆಯುವ ಥರ್ಮೋಕಪಲ್‌ಗಳ ನಡುವಿನ ವ್ಯತ್ಯಾಸ) ಕೂಡ ನಿಧಾನಕ್ಕೆ ಮೇಲೆ ಹೋಗುತ್ತಿದೆ. ಅಲಾರಂ ಯಾವುದೂ ಇಲ್ಲ.

ಹಾಟ್ ಗ್ಯಾಸ್ ಪಾತ್ ಇನ್‌ಸ್ಪೆಕ್ಷನ್ (ಬಿಸಿ ಗ್ಯಾಸ್ ಹಾಯುವ ಭಾಗಗಳ ತಪಾಸಣೆ) 24,000 ಗಂಟೆಗೆ ಎಂದು ಪ್ಲಾನ್ ಇದೆ. ಪೀಕ್ ಗಂಟೆಯನ್ನೂ ಮಾಮೂಲಿ ಗಂಟೆಯ ಹಾಗೇ ಎಣಿಸಬಹುದಾ?

ಬಕೆಟ್_ಮಾಸ್ತರ್:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ, ಖಂಡಿತ ಹಾಗೆ ಎಣಿಸಬೇಡಿ.

9ಇಯಲ್ಲಿ ಬೇಸ್ ಫೈರಿಂಗ್ ಟೆಂಪರೇಚರ್ (ಉರಿದ ಗ್ಯಾಸ್ ಟರ್ಬೈನ್ ಒಳಗೆ ಹೋಗುವಾಗಿನ ಬಿಸಿ) ಸುಮಾರು 1124 ಡಿಗ್ರಿ. ಪೂರ್ತಿ ಪೀಕ್ ಅಂದರೆ ಅದರ ಮೇಲೆ ಇನ್ನೂ 56 ಡಿಗ್ರಿ. ಕೇಳೋಕೆ ಸಣ್ಣದು, ಆದರೆ ಜಿಇ ಲೆಕ್ಕದಲ್ಲಿ ಬಕೆಟ್‌ಗಳ (ಟರ್ಬೈನ್‌ನಲ್ಲಿ ತಿರುಗುವ ಅಲಗುಗಳ) ಆಯುಷ್ಯಕ್ಕೆ ಪೀಕ್‌ನ ಒಂದು ಗಂಟೆ ಬೇಸ್‌ನ 6 ಗಂಟೆಗೆ ಸಮ. ಒಂದು ಬೇಸಿಗೆಯಲ್ಲಿ 300 ಗಂಟೆ ಪೀಕ್ ಓಡಿಸಿದರೆ 1,800 ಗಂಟೆ ಬರೆದುಕೊಳ್ಳಬೇಕು. ಇನ್‌ಸ್ಪೆಕ್ಷನ್ ಎರಡು ತಿಂಗಳು ಮೊದಲೇ ಬಂತು. ಮಾರ್ಕ್ 5ರಲ್ಲಿ ಪೀಕ್ ಗಂಟೆಗೆ ಬೇರೆ ಕೌಂಟರ್ ಇದೆ, ಇವತ್ತೇ ತೆಗೆದು ನೋಡಿ.

ಈ ಲೆಕ್ಕ ನೇರ ಗೆರೆಯಲ್ಲಿ ಏರುವುದಿಲ್ಲ. 28 ಡಿಗ್ರಿ ಮಾತ್ರ ಏರಿಸಿದರೆ 6ರ ಅರ್ಧ 3 ಅಲ್ಲ, ಸುಮಾರು 2.5. ನಿಮ್ಮಲ್ಲಿ ಪೀಕ್ ಎಷ್ಟು ಡಿಗ್ರಿಗೆ ಸೆಟ್ ಆಗಿದೆ ಅನ್ನುವುದು ಅದಕ್ಕೇ ಮುಖ್ಯ.

ಈಗ ನಿಮ್ಮ ಮುಖ್ಯ ತೊಂದರೆ. ಫೈರಿಂಗ್ ಟೆಂಪರೇಚರನ್ನು ಯಾರೂ ನೇರವಾಗಿ ಅಳೆಯುವುದಿಲ್ಲ, ಅಷ್ಟು ಬಿಸಿಯಲ್ಲಿ ಥರ್ಮೋಕಪಲ್ ಬಾಳುವುದಿಲ್ಲ. ಕಂಟ್ರೋಲ್ ನೋಡುವುದು ಎರಡನ್ನೇ: ಎಕ್ಸಾಸ್ಟ್ ಟೆಂಪರೇಚರ್ ಮತ್ತು ಕಂಪ್ರೆಸರ್ ಡಿಸ್ಚಾರ್ಜ್ ಪ್ರೆಷರ್ (ಕಂಪ್ರೆಸರ್ ಒತ್ತಿ ಹೊರಬಿಡುವ ಗಾಳಿಯ ಒತ್ತಡ). ಪ್ರೆಷರ್ ಕಡಿಮೆಯಾದಷ್ಟೂ ಎಕ್ಸಾಸ್ಟ್ ಮೇಲೆ ಹೋಗಲು ಬಿಡುತ್ತದೆ. ಕಂಪ್ರೆಸರ್‌ನಲ್ಲಿ ಕೊಳೆ ಕೂತರೆ ಪ್ರೆಷರ್ ನಿಜವಾಗಿಯೂ ಬೀಳುತ್ತದೆ. ಗಾಳಿ ಕಡಿಮೆ, ಮೆಗಾವ್ಯಾಟ್ ಕಡಿಮೆ, ಎಕ್ಸಾಸ್ಟ್ ಜಾಸ್ತಿ. ನಿಮ್ಮ ಲಕ್ಷಣ ಹಾಗೇ ಇದೆ.

ನನಗೆ ಭಯ ಇರುವುದು ಇನ್ನೊಂದರ ಬಗ್ಗೆ. ಈ ಪ್ರೆಷರ್ ಅಳೆಯುವ ಮೂರು 96ಸಿಡಿ ಟ್ರಾನ್ಸ್‌ಮಿಟರ್‌ಗಳು ಅದನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತಿದ್ದರೆ, ಪ್ರೆಷರ್ ಬಿದ್ದಿದೆ ಎಂದು ಕಂಟ್ರೋಲ್ ನಂಬಿ ಇನ್ನಷ್ಟು ಗ್ಯಾಸ್ ಸುರಿಯುತ್ತದೆ. ಮೂರೂ ಒಂದೇ ಸೆನ್ಸಿಂಗ್ ಲೈನ್‌ನಲ್ಲಿದ್ದು ಆ ಲೈನ್‌ನ ಫಿಟ್ಟಿಂಗ್ ಸೋರುತ್ತಿದ್ದರೆ ಮೂರೂ ಸಮವಾಗಿ ಸುಳ್ಳು ಹೇಳುತ್ತವೆ. ಒಂದಕ್ಕೊಂದು ಹೊಂದುವುದರಿಂದ ಅಲಾರಂ ಬರುವುದಿಲ್ಲ. ಹೀಗೆ ಗೊತ್ತಿಲ್ಲದೆ 10 ಡಿಗ್ರಿ ಜಾಸ್ತಿ ಉರಿದರೆ ಆ 6 ಅನ್ನೋದು 8 ದಾಟುತ್ತದೆ. ಟೆಸ್ಟ್ ಗೇಜ್ ಹಾಕಿ ಹೋಲಿಸಿ. ಅದು ಆಗುವವರೆಗೆ ದಯವಿಟ್ಟು ಪೀಕ್ ಮುಟ್ಟಬೇಡಿ.

ಕಂಟ್ರೋಲ್‌ರೂಮ್_ಕಿಟ್ಟಿ:
ರಾತ್ರಿ ಲೋಡ್ ಇಳಿಸಿ ಓಡಿಸಿದರೆ ಹಗಲಿನ ಪೀಕ್ ಸರಿದೂಗುತ್ತದೆ ಎಂದು ನಮ್ಮ ಪ್ಲಾಂಟ್‌ನಲ್ಲಿ ಹೇಳುತ್ತಾರೆ. ನಿಜ ಅಲ್ವಾ ಮಾಸ್ತರೇ?

ಬಕೆಟ್_ಮಾಸ್ತರ್:
ಕಿಟ್ಟಿ ಅವರೇ, ಬಹಳ ಕಡೆ ಈ ನಂಬಿಕೆ ಇದೆ. ಆದರೆ ಫೈರಿಂಗ್ ಟೆಂಪರೇಚರ್ ಬೇಸ್‌ಗಿಂತ 56 ಡಿಗ್ರಿ ಕೆಳಗೆ ಬಂದರೂ, ಪೀಕ್‌ನ ಒಂದು ಗಂಟೆ ಸರಿದೂಗಲು ಹಾಗೆ 6 ಗಂಟೆ ಓಡಬೇಕು. ಇನ್ನೊಂದು, ಲೋಡ್ ಇಳಿಯಿತು ಎಂದ ಮಾತ್ರಕ್ಕೆ ಬಿಸಿ ಇಳಿಯುವುದಿಲ್ಲ. ಬಾಯ್ಲರ್ ಇರುವ ಕಡೆ ಮೊದಲು ಐಜಿವಿ (ಕಂಪ್ರೆಸರ್ ಬಾಯಲ್ಲಿ ಗಾಳಿ ಹಿಡಿತದಲ್ಲಿಡುವ ರೆಕ್ಕೆಗಳು) ಮುಚ್ಚಿ ಗಾಳಿ ಕಡಿಮೆ ಮಾಡುತ್ತಾರೆ, ಸ್ಟೀಮ್ ಬೇಕಲ್ಲ. ಮೆಗಾವ್ಯಾಟ್ ಮೀಟರ್ ಕೆಳಗಿರುತ್ತದೆ, ಒಳಗೆ ಬಕೆಟ್‌ಗಳು ಅಷ್ಟೇ ಕಾದಿರುತ್ತವೆ. ಲೋಡ್ ಸುಮಾರು 80 ಶೇಕಡಕ್ಕೆ ಇಳಿಯುವವರೆಗೂ ಹೀಗೇ.

ಸ್ಪ್ರೆಡ್ ಬಗ್ಗೆ ಒಮಾನ್ ಗೆಳೆಯರಿಗೆ: 24 ಥರ್ಮೋಕಪಲ್‌ಗಳಲ್ಲಿ ತಣ್ಣಗಿರುವುದು ಯಾವುದು ಎಂದು ಗುರುತು ಹಾಕಿಕೊಳ್ಳಿ. ಲೋಡ್ ಬದಲಿಸಿದಾಗ ಆ ತಣ್ಣನೆ ಜಾಗ ಪಕ್ಕಕ್ಕೆ ಸರಿದರೆ ತೊಂದರೆ ಕಂಬಷನ್‌ನಲ್ಲೇ: ಫ್ಯೂಯಲ್ ನಾಝಲ್ ಕಟ್ಟಿರಬಹುದು, ಲೈನರ್ (ಗ್ಯಾಸ್ ಉರಿಯುವ ಕೊಳವೆ) ಅಥವಾ ಅಲ್ಲಿಂದ ಟರ್ಬೈನ್‌ಗೆ ಬಿಸಿ ಗ್ಯಾಸ್ ಒಯ್ಯುವ ಟ್ರಾನ್ಸಿಷನ್ ಪೀಸ್ ಸೀಳಿರಬಹುದು. ಅಲ್ಲೇ ನಿಂತಿದ್ದರೆ ಆ ಥರ್ಮೋಕಪಲ್ಲನ್ನೇ ಅನುಮಾನಿಸಿ. ಇದನ್ನು ಸುಮ್ನೆ ಬಿಡಬೇಡಿ. ಸ್ಪ್ರೆಡ್‌ನಿಂದ ಫುಲ್ ಲೋಡ್‌ನಲ್ಲಿ ಟ್ರಿಪ್ ಆದರೆ, ಆ ಒಂದು ಟ್ರಿಪ್ 8 ಮಾಮೂಲಿ ಸ್ಟಾರ್ಟ್‌ಗಳಷ್ಟು ಆಯುಷ್ಯ ತಿನ್ನುತ್ತದೆ.

ಒಮಾನ್_ಶಿಫ್ಟ್:
ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಗೇಜ್ ಹಾಕಿದೆವು. ಟ್ರಾನ್ಸ್‌ಮಿಟರ್‌ಗಳಿಗಿಂತ ಗೇಜ್ ಕಾಲು ಬಾರ್ ಹತ್ತಿರ ಜಾಸ್ತಿ ತೋರಿಸಿತು. ಸೋಪು ನೀರು ಹಾಕಿದಾಗ ಸೆನ್ಸಿಂಗ್ ಲೈನ್‌ನ ಒಂದು ಫಿಟ್ಟಿಂಗ್ ನೊರೆ ಉಗುಳುತ್ತಿತ್ತು, ಅದರ ಒಳಗೆ ಸಣ್ಣ ಮಣ್ಣು ಗಟ್ಟಿಯಾಗಿ ಕೂತಿತ್ತು. ಲೈನ್ ಊದಿ, ಫಿಟ್ಟಿಂಗ್‌ನ ಫೆರೂಲ್ (ಸೋರದಂತೆ ಬಿಗಿಯುವ ಉಂಗುರ) ಬದಲಿಸಿ, ಮೂರನ್ನೂ ಕ್ಯಾಲಿಬ್ರೇಟ್ ಮಾಡಿದೆವು.

ವಾರಾಂತ್ಯದಲ್ಲಿ ಮಷೀನ್ ನಿಲ್ಲಿಸಿ, ತಣ್ಣಗಾದ ಮೇಲೆ ಕಂಪ್ರೆಸರ್‌ಗೆ ಆಫ್‌ಲೈನ್ ವಾಷ್ ಮಾಡಿದೆವು. ಡ್ರೈನ್‌ನಲ್ಲಿ ಬಂದ ನೀರು ಮೊದಲು ಕಾಫಿ ಡಿಕಾಕ್ಷನ್ ಬಣ್ಣ, ಆಮೇಲೆ ತಿಳಿ. ಈಗ ಕಳೆದ ವಾರ ಪೀಕ್ ಹಾಕಿ ಎಳೆಯುತ್ತಿದ್ದ ಲೋಡ್‌ನ ದೊಡ್ಡ ಪಾಲು ಬೇಸ್‌ನಲ್ಲೇ ಸಿಗುತ್ತಿದೆ. ಮೇಲಿನವರಿಗೂ ಅದನ್ನೇ ತೋರಿಸಿದೆ.

ಸ್ಪ್ರೆಡ್ ಇನ್ನೂ ಹಾಗೇ ಇದೆ, ತಣ್ಣನೆ ಜಾಗ ಲೋಡ್ ಜೊತೆ ಸರಿಯುತ್ತದೆ.

ಬಕೆಟ್_ಮಾಸ್ತರ್:
ಬಹಳ ಸಂತೋಷ ಆಯಿತು. ಟರ್ಬೈನ್ ಉತ್ಪಾದಿಸುವ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕಂಪ್ರೆಸರ್ ತಿರುಗಿಸುವುದಕ್ಕೇ ಹೋಗುತ್ತದೆ. ಅದು ಕೊಳೆಯಾಗಿದ್ದಾಗ ಪೀಕ್ ಒತ್ತುವುದು ಬಕೆಟ್ ಸುಟ್ಟು ಕೊಳೆಯ ದಂಡ ಕಟ್ಟಿದ ಹಾಗೆ.

ಸ್ಪ್ರೆಡ್‌ಗೆ ಬೋರೋಸ್ಕೋಪ್ (ಒಳಗೆ ತೂರಿಸಿ ನೋಡುವ ಕ್ಯಾಮೆರಾ) ಬಿಟ್ಟರೆ ದಾರಿಯಿಲ್ಲ. ಲೈನರ್, ಟ್ರಾನ್ಸಿಷನ್ ಪೀಸ್ ನೋಡುವಾಗಲೇ ಮೊದಲ ಹಂತದ ನಾಝಲ್‌ಗಳ (ಬಕೆಟ್‌ಗಳ ಮುಂದಿರುವ, ತಿರುಗದ ಅಲಗುಗಳ) ಹಿಂಬದಿ ಅಂಚಿನ ಬಿರುಕು, ಬಕೆಟ್‌ಗಳ ಮುಂಬದಿ ಅಂಚಿನ ಕೋಟಿಂಗ್, ತುದಿಯ ಸವೆತ ಎಲ್ಲದರ ಫೋಟೋ ತೆಗೆಸಿ. ಸೆನ್ಸಿಂಗ್ ಲೈನ್ ಯಾವಾಗಿನಿಂದ ಸೋರುತ್ತಿತ್ತು ಎಂದು ಹಳೆ ಟ್ರೆಂಡ್‌ನಲ್ಲಿ ಹುಡುಕಿ: ಬೇಸ್ ಲೋಡ್, ಒಂದೇ ಹೊರಗಿನ ಬಿಸಿ, ಆದರೂ ಡಿಸ್ಚಾರ್ಜ್ ಪ್ರೆಷರ್ ಎಂದು ಜಾರಲು ಶುರುವಾಯಿತು ನೋಡಿ. ಆವತ್ತಿನಿಂದ ಓಡಿದ ಪೀಕ್ ಗಂಟೆಗಳಿಗೆ 6ರ ಬದಲು 8 ಹಾಕಿ. ಬೇಸ್ ಗಂಟೆಗಳನ್ನೂ ಒಂದಕ್ಕೊಂದು ಎಂದು ಬಿಡಬೇಡಿ, ಅದೇ 10 ಡಿಗ್ರಿಯ ಲೆಕ್ಕದಲ್ಲಿ 1.4 ಹಾಕಿ. ಬಂದ ಮೊತ್ತವನ್ನು ಇನ್‌ಸ್ಪೆಕ್ಷನ್ ಪ್ಲಾನ್ ಮಾಡುವವರಿಗೆ ಲಿಖಿತವಾಗಿ ಕೊಡಿ. ಮೊದಲ ಹಂತದ ಬಕೆಟ್ ಸೆಟ್ ಆರ್ಡರ್ ಮಾಡಿದರೆ ಬರಲು ತಿಂಗಳುಗಟ್ಟಲೆ ಬೇಕು, ಅವರಿಗೆ ಈಗಲೇ ಗೊತ್ತಾಗಲಿ.