ಅಪ್‌ಡೇಟ್: ನ್ಯೂಟನ್‌ನ ‘ದೈತ್ಯರ ಹೆಗಲು’ ವಿನಯವೋ, ಕುಟುಕೋ?

‘ನಾನು ಹೆಚ್ಚು ದೂರ ನೋಡಿದ್ದರೆ ಅದು ದೈತ್ಯರ ಹೆಗಲ ಮೇಲೆ ನಿಂತಿದ್ದರಿಂದ.’ ನ್ಯೂಟನ್‌ನ ಈ ಇಂಗ್ಲಿಷ್ ಮಾತು ವಿನಯವೋ, ಅವನ ಕಾಲದ ಇಂಗ್ಲಿಷ್ ವಿಜ್ಞಾನಿ, ಬೆನ್ನು ಬಾಗಿದ್ದ ರಾಬರ್ಟ್ ಹುಕ್‌ಗೆ ‘ನೀನಂತೂ ದೈತ್ಯನಲ್ಲ’ ಎಂದು ಕೊಟ್ಟ ಕುಟುಕೋ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಸಾಲಿನ ಹಿಂದುಮುಂದು ಓದಿ ಅಂದಿರಲ್ಲ, ಓದಿದೆ. ಅದು 1676ರ ಫೆಬ್ರವರಿಯಲ್ಲಿ ಹುಕ್‌ಗೇ ಬರೆದ ಪತ್ರ. (ಪತ್ರದ ಮೇಲೆ 1675 ಎಂದಿದೆ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ!) ಬೆಳಕಿನ ಅಧ್ಯಯನದಲ್ಲಿ ದೆಕಾರ್ತ್ (ಫ್ರೆಂಚ್ ತತ್ವಜ್ಞಾನಿ) ಒಳ್ಳೆಯ ಹೆಜ್ಜೆ ಇಟ್ಟ, ನೀವು ಬಹಳಷ್ಟು ಸೇರಿಸಿದಿರಿ, ಅದರಲ್ಲೂ ತೆಳು ಪದರಗಳ ಬಣ್ಣದ (ಸೋಪಿನ ಗುಳ್ಳೆಯ ಮೇಲೆ ಕಾಣುವಂಥದ್ದು) ವಿಷಯದಲ್ಲಿ ಎನ್ನುತ್ತಾನೆ. ಅದರ ಬೆನ್ನಿಗೇ ಈ ಮಾತು. ಅಂದರೆ ದೈತ್ಯರ ಪೈಕಿ ಹುಕ್ ಕೂಡ ಒಬ್ಬ, ಅಲ್ವಾ?

ಮಾತೂ ನ್ಯೂಟನ್‌ನ ಸ್ವಂತದ್ದಲ್ಲ. ದೈತ್ಯರ ಹೆಗಲೇರಿದ ಕುಳ್ಳರು ನಾವು ಎಂದು 12ನೇ ಶತಮಾನದ ಫ್ರೆಂಚ್ ವಿದ್ವಾಂಸ, ಷಾರ್ತ್ರ್‌ನ ಬರ್ನಾರ್ಡ್ ಹೇಳುತ್ತಿದ್ದನಂತೆ. ಇಂಗ್ಲಿಷ್ ಲೇಖಕ, ಸಾಲ್ಸ್‌ಬರಿಯ ಜಾನ್ 1159ರಲ್ಲೇ ಅದನ್ನು ಬರೆದಿಟ್ಟಿದ್ದ. ನ್ಯೂಟನ್ ಸುಮ್ನೆ ಕುಳ್ಳರನ್ನು ಕೈಬಿಟ್ಟ!

ನ್ಯೂಟನ್, ಹುಕ್ ನಡುವೆ ಪ್ರೀತಿಯೇನೂ ಇರಲಿಲ್ಲ, ಒಪ್ಪುತ್ತೇನೆ. 1672ರಿಂದಲೇ ಬೆಳಕಿನ ಬಗ್ಗೆ ಜಗಳ. ಆದರೆ ಗುರುತ್ವದ ವಿಷಯಕ್ಕೆ ಪೂರ್ತಿ ಕೆಟ್ಟಿದ್ದು 1686ರಲ್ಲಿ. ಈ ಪತ್ರ ರಾಜಿಯ ಕಾಲದ್ದು. ಖಾಸಗಿಯಾಗಿ ಪತ್ರ ಬರೆದುಕೊಳ್ಳೋಣ ಎಂದು ಮೊದಲು ಕೇಳಿದ್ದು ಹುಕ್ಕೇ. ನನ್ನ ಓಟು ಗಂಟುಮುಖದ ಸೌಜನ್ಯಕ್ಕೆ.